ನಂಬರ್ ಬಾರದ ಪಲ್ಸರ್

ಈ ವರ್ಷದ ಜನವರಿಯಲ್ಲಿ, ಸಂಕ್ರಾಂತಿ ಮುಗಿದ ಮರುವಾರದ ಬುಧವಾರ ಮಧ್ಯಾಹ್ನ, ಚಿಕ್ಕೋಡಿಯಲ್ಲಿರುವ ನಮ್ಮ ಪತ್ರಿಕಾ ಕಚೇರಿಗೆ ಕಾಗವಾಡದ ಅರೆಕಾಲಿಕ ವರದಿಗಾರನಿಂದ ಒಂದು ಧ್ವನಿ ಸಂದೇಶ ಬಂತು. ಅದರ ಪೂರ್ಣ ಪಾಠ ಇದು: "ಅರ್ಜಂಟ್ ಐತ್ರಿ. ಕ್ಲಸ್ಟರಿನಾಗ ಪಲ್ಸರ್ ಸಿಕ್ಕೈತಿ. ಶೇಡಬಾಳದ ಹುಡುಗಿ ಹುಡುಕ್ಯಾಳ. ಇನ್ನಾ ಪಕ್ಕಾ ಆಗಿಲ್ಲಂತ. ನಾಳಿ ಪೇಪರಿಗೆ ಹಾಕ್ರಿ."

ಸಂದೇಶ ಕೇಳಿದವರು ನನ್ನ ಸಹೋದ್ಯೋಗಿ. ಅವರು ನಿಪ್ಪಾಣಿಯವರು, ಮನೆಮಾತು ಮರಾಠಿ, ದಿನವೂ ಬಸ್ಸಿನಲ್ಲಿ ಬಂದು ಹೋಗುತ್ತಾರೆ. ಅಪಘಾತ, ಕಳವು, ಪತ್ತೆ, ಬಂಧನ, ಇಂಥ ಸಣ್ಣ ಸುದ್ದಿಗಳ ಕಾಲಂ ಅವರದು. ನಮ್ಮ ಭಾಗದಲ್ಲಿ ಕ್ಲಸ್ಟರ್ ಎಂದರೆ ಅಕ್ಕಪಕ್ಕದ ಸರ್ಕಾರಿ ಶಾಲೆಗಳ ಗುಂಪು. ಕ್ಲಸ್ಟರ್ ಮಟ್ಟದ ಕ್ರೀಡಾಕೂಟ, ಕ್ಲಸ್ಟರ್ ಮಟ್ಟದ ಕಲಿಕಾ ಹಬ್ಬ ಎಂದು ವಾರಕ್ಕೊಂದು ಸುದ್ದಿ ಬರುತ್ತದೆ. ಪಲ್ಸರ್ ಎಂದರೆ ಮೋಟಾರ್ ಬೈಕು. ಕಬ್ಬಿನ ಹಂಗಾಮಿನಲ್ಲಿ ಹೊಲದ ದಂಡೆಗೆ ನಿಲ್ಲಿಸಿದ ಬೈಕು ಕಾಣೆಯಾಗುವುದು, ಕೆಲವು ದಿನ ಬಿಟ್ಟು ಯಾವುದೋ ಶಾಲೆಯ ಹಿಂದೆ ಸಿಗುವುದು ನಮಗೆ ಹೊಸತಲ್ಲ. ಹೀಗಾಗಿ ಅವರಿಗೆ ಸುದ್ದಿ ಸ್ಪಷ್ಟವಾಗಿತ್ತು. ಶಾಲೆಯ ಹತ್ತಿರ ಕಳವಿನ ಬೈಕು ಸಿಕ್ಕಿದೆ, ಒಬ್ಬ ವಿದ್ಯಾರ್ಥಿನಿ ಅದನ್ನು ನೋಡಿದ್ದಾಳೆ. ವಿವರ ಕೇಳಲು ಕೂಡಲೇ ಫೋನು ಮಾಡಿದರು.

ಆ ದಿನ ನಾನು ಕಚೇರಿಯಲ್ಲಿರಲಿಲ್ಲ. ಅಥಣಿ ರಸ್ತೆಯಲ್ಲಿ ಕಬ್ಬಿನ ಟ್ರೇಲರ್ ಮಗುಚಿ ಸಂಚಾರ ನಿಂತಿತ್ತು, ಅಲ್ಲಿಗೆ ಹೋಗಿದ್ದೆ. ಫೋನಿನಲ್ಲಿ ನಡೆದ ಮಾತನ್ನು ಆಮೇಲೆ ಇಬ್ಬರೂ ಬೇರೆ ಬೇರೆಯಾಗಿ ನನಗೆ ಹೇಳಿದ್ದಾರೆ. ಎರಡು ಹೇಳಿಕೆಗಳೂ ಹೊಂದುತ್ತವೆ.

"ಯಾವ ಕ್ಲಸ್ಟರ್? ಕಾಗವಾಡದ್ದಾ, ರಾಯಬಾಗದ್ದಾ?"

"ಇಲ್ಲಿದಲ್ರಿ ಮೇಡಂ. ಭಾಳ ದೂರದ್ದು."

"ದೂರ ಅಂದ್ರ? ಮಿರಜ ದಾಟಿ?"

"ಮಿರಜ ದಾಟಿ ಅಂತನ ತಿಳ್ಕೋರಿ."

"ಗಾಡಿ ಬಣ್ಣ ಯಾವುದು?"

"ಬಣ್ಣ ಕಾಣಂಗಿಲ್ಲಂತ್ರಿ. ಬರೇ ಸಪ್ಪಳ ಕೇಳತೈತಂತ, ಟಿಕ್ ಟಿಕ್ ಟಿಕ್ ಅಂತ."

"ಹಳೇ ಗಾಡಿ ಇರಬೇಕು."

"ಭಾಳ ಹಳೇದ್ರಿ. ಸತ್ತ ಹೋಗಿತ್ತಂತ. ಈಗ ಮತ್ತ ತಿರಗಾಕತ್ತೈತಿ, ಜೋರ್."

"ಅಂದ್ರ ಕದ್ದಾಂವ ಇಂಜಿನ್ ಮಾಡಿಸ್ಯಾನ. ನಂಬರ್ ಹೇಳು, ಬರ್ಕೋತೇನಿ."

"ನಂಬರ್ ಕೇಳಿಲ್ರಿ. ಕೇಳಿ ಹೇಳತೇನಿ."

"ಅರೇ ದೇವಾ! ನಂಬರ್ ಇಲ್ದ ಗಾಡಿ ಸುದ್ದಿ ನಾ ಎಂದಾದ್ರೂ ಹಾಕೇನೇನು?"

ಅವರು ಎಂದೂ ಹಾಕಿದವರಲ್ಲ. ಬೈಕು ಸಿಕ್ಕಿದೆ ಎಂದಷ್ಟೇ ಅಚ್ಚಾದರೆ, ಬೈಕು ಕಳೆದುಕೊಂಡ ಸುತ್ತಲಿನವರೆಲ್ಲ ಮರುದಿನ ಪೊಲೀಸ್ ಠಾಣೆಯ ಮುಂದೆ ನಿಲ್ಲುತ್ತಾರೆ. ನಂಬರ್ ಬೇಕು, ಠಾಣೆಯವರ ಬಾಯಿಂದ ಒಂದು ಮಾತು ಬೇಕು. ಎರಡೂ ಬರುವ ತನಕ ಸುದ್ದಿ ಕಂಪ್ಯೂಟರಿನ ಕಾಯುವ ಸಾಲಿನಲ್ಲಿರಬೇಕು. ಅವರು ಆ ಸಾಲಿಗೆ ಹೊಸದೊಂದು ಶೀರ್ಷಿಕೆ ಸೇರಿಸಿದರು: 'ಕ್ಲಸ್ಟರಿನಲ್ಲಿ ಪಲ್ಸರ್ ಪತ್ತೆ. ನಂಬರ್ ಬರಬೇಕು.'

ಸಂಜೆ ಕಚೇರಿಗೆ ಬಂದ ನಾನು ಆ ಸಾಲನ್ನು ಓದಿ, ಧ್ವನಿ ಸಂದೇಶವನ್ನೂ ಕೇಳಿ ನಿಂತೇ ನಕ್ಕೆ. ಆಮೇಲೆ ಕುಳಿತುಕೊಂಡೆ. ಶೇಡಬಾಳದ ಆ ಹುಡುಗಿ ನನ್ನ ಅಕ್ಕನ ಮಗಳು.

ಸುದ್ದಿ ಹೊರಬಿದ್ದದ್ದು ಹೀಗೆ. ಕಾಗವಾಡದ ವರದಿಗಾರನಿಗೆ ಬಸ್‌ನಿಲ್ದಾಣದ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇದೆ. ಅವನ ತಂದೆಯ ಕಾಲದಲ್ಲಿ ಅಲ್ಲಿ ರೇಡಿಯೋ ರಿಪೇರಿ ನಡೆಯುತ್ತಿತ್ತು. ಬೋರ್ಡಿನಲ್ಲಿ ಕನ್ನಡ, ಮರಾಠಿ, ಉರ್ದು ಮೂರರಲ್ಲೂ 'ರೇಡಿಯೋ' ಎಂಬ ಮಾತು ಇಂದಿಗೂ ಉಳಿದಿದೆ. ಫೋನಿನ ಗಾಜು ಒಡೆದು ಅಕ್ಕ ಅಲ್ಲಿಗೆ ಬಂದಿದ್ದಳು. ಹೊಸ ಗಾಜು ಕೂರಿಸಿ, ಸ್ಪೀಕರ್ ಸರಿಯಿದೆಯೇ ಎಂದು ಅವನು ಪರೀಕ್ಷಿಸುತ್ತಿದ್ದಾಗಲೇ ಮಗಳ ಕರೆ ಬಂತು. ಅವನು ಎತ್ತಿದ. ಅಂಗಡಿ ತುಂಬ ಆಕೆಯ ದನಿ ಕೇಳಿಸಿತು.

"ಅವ್ವಾ, ಕ್ಲಸ್ಟರ್‌ನ್ಯಾಗ ಒಂದ್ ಪಲ್ಸರ್ ಸಿಕ್ಕಂಗ ಕಾಣತೈತಿ. ಇನ್ನಾ ಪಕ್ಕಾ ಇಲ್ಲ. ಯಾರ ಮುಂದೂ ಅನಬ್ಯಾಡ."

"ಯಾರ ಮುಂದ ಅನ್ಲೆವ್ವಾ," ಎಂದಳಂತೆ ಅಕ್ಕ, "ಎಲ್ಲಾರೂ ಇಲ್ಲೇ ಕುಂತಾರ."

ಅಂಗಡಿಯವನು ಮಾತ್ರ ಅದು ಬೈಕಲ್ಲ ಎಂದು ಅರಿತಿದ್ದ. ಅಕ್ಕನನ್ನು ಕೂರಿಸಿ, ಚಹಾ ತರಿಸಿ, ಏನು ಎತ್ತ ಎಂದು ಕೇಳಿಕೊಂಡಿದ್ದ. ಮಗಳು ಪುಣೆಯಾಚೆ ದೊಡ್ಡ ದೊಡ್ಡ ಆಂಟೆನಾಗಳಲ್ಲಿ ಚಿಕ್ಕಿಗಳ, ಅಂದರೆ ನಕ್ಷತ್ರಗಳ, ಸಪ್ಪಳ ಕೇಳುತ್ತಾಳೆ, ಸತ್ತ ಚಿಕ್ಕಿಗಳೂ ತಿರುಗುತ್ತವೆ ಎಂದು ಅಕ್ಕ ತನಗೆ ತಿಳಿದಷ್ಟು ಹೇಳಿದ್ದಳು. ಅವನು ಅದನ್ನೇ ನಿಷ್ಠೆಯಿಂದ ಕಚೇರಿಗೆ ದಾಟಿಸಿದ್ದ. ಆದರೆ ಚಿಕ್ಕಿ ಎಂಬ ಮಾತೊಂದನ್ನು ಮರೆತಿದ್ದ. ಮೇಡಂ ಗಾಡಿ, ಇಂಜಿನ್ ಎಂದದ್ದನ್ನು ತಮಾಷೆ ಎಂದುಕೊಂಡಿದ್ದ.

ಅಕ್ಕನ ಮಗಳ ಕೆಲಸ ಏನೆಂದು ಓದುಗರಿಗೆ ಇಲ್ಲಿಯೇ ಹೇಳಬೇಕು. ಕಳೆದ ದೀಪಾವಳಿಗೆ ಆಕೆ ಶೇಡಬಾಳಕ್ಕೆ ಬಂದಿದ್ದಾಗ, ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತ ಕುಳಿತಿದ್ದ ನಮಗೆ ವಿವರಿಸಿದ್ದನ್ನೇ ಬರೆಯುತ್ತೇನೆ. ದೊಡ್ಡ ನಕ್ಷತ್ರವೊಂದು ಸಿಡಿದು ಸತ್ತಾಗ ಅದರ ತಿರುಳು ಕುಸಿದು ಒಂದು ಸಣ್ಣ ಉಂಡೆಯಾಗಿ ಉಳಿಯಬಹುದು. ಅಗಲ ಚಿಕ್ಕೋಡಿಯಿಂದ ನಿಪ್ಪಾಣಿಗೆ ಹೋಗುವಷ್ಟು, ತೂಕ ಮಾತ್ರ ಸೂರ್ಯನಿಗಿಂತ ಹೆಚ್ಚು. ಆ ಉಂಡೆ ಗರಗರ ತಿರುಗುತ್ತದೆ. ಅದರಿಂದ ಹೊರಡುವ ರೇಡಿಯೋ ಅಲೆಗಳ ಕೋಲು ನಮ್ಮ ಕಡೆಗೆ ಹಾಯ್ದಾಗಲೆಲ್ಲ ಆಂಟೆನಾದಲ್ಲಿ ಒಂದು ಮಿಡಿತ ದಾಖಲಾಗುತ್ತದೆ. ಇದೇ ಪಲ್ಸರ್.

ಕ್ಲಸ್ಟರ್ ಎಂದರೆ ನಕ್ಷತ್ರಗಳ ಗುಚ್ಛ. ಆಕೆ ನೋಡುವ ಗುಚ್ಛಗಳು ಚೆಂಡಿನಂತೆ ದುಂಡಗಿರುತ್ತವೆ. ಲಕ್ಷಗಟ್ಟಲೆ ಮುದಿ ನಕ್ಷತ್ರಗಳು ಒಂದಕ್ಕೊಂದು ಒತ್ತಿಕೊಂಡಂತೆ ಅಲ್ಲಿವೆ. ಅಂಥ ದಟ್ಟಣೆಯಲ್ಲಿ ಸತ್ತ ನಕ್ಷತ್ರಕ್ಕೆ ಜೊತೆಗಾರ ಸಿಗುವುದು ಸುಲಭ. ಜೊತೆಗಾರನ ಮೈಯ ಅನಿಲವನ್ನು ಎಳೆದುಕೊಂಡು ಅದು ಮತ್ತೆ ವೇಗ ಪಡೆಯುತ್ತದೆ, ಸೆಕೆಂಡಿಗೆ ನೂರಾರು ಸಲ ತಿರುಗತೊಡಗುತ್ತದೆ.

"ಹಂಗಾದ್ರ ಸಪ್ಪಳ ಜೋರ್ ಬರಬೇಕಲ್ಲ," ಎಂದಿದ್ದಳು ಅಕ್ಕ.

"ಬರಂಗಿಲ್ಲವ್ವಾ. ಭಾಳ ದೂರ ಐತಿ. ಮತ್ತ ಜೊತಿಯಾಂವನ ಸುತ್ತ ಓಡಾಡತೈತಿ. ರಸ್ತಾದಾಗ ಕಬ್ಬಿನ ಟ್ರ್ಯಾಕ್ಟರ್ ಹಾಡು ಹಚ್ಕೊಂಡು ಹೊಕ್ಕಾವಲ್ಲ, ಸನೇಕ ಬರೂಮುಂದ ಹಾಡಿನ ದನಿ ಸಣ್ಣಕ, ಕೀರಲ ಕೇಳತೈತಿ, ದಾಟಿ ಹೋದಮ್ಯಾಲ ದಪ್ಪಕ ಆಗತೈತಿ. ಇದೂ ಹಂಗ. ಮಿಡಿತ ಒಮ್ಮೆ ಒತ್ತಾಗಿ ಬರತಾವ, ಒಮ್ಮೆ ಬಿಡಿಬಿಡಿ ಬರತಾವ. ಕಂಪ್ಯೂಟರ್ ಒಂದಽ ಅಳತಿದು ಹುಡುಕತೈತಿ. ಅಳತಿ ಬದಲಾದ್ರ ಅದಕ್ಕ ಸಿಗಂಗಿಲ್ಲ."

"ಅಂದ್ರ ಅಡಗಿ ಕುಂತಿರತಾವ."

"ಹೌದು. ಕಳ್ಳ ಗಾಡಿ ಇದ್ದಂಗ," ಎಂದು ಆಕೆಯೇ ನಕ್ಕಿದ್ದಳು. ಆ ಮಾತು ಮುಂದೆ ಹೇಗೆ ಬಂದು ಕೂರಲಿದೆ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ.

ನವೆಂಬರಿನಲ್ಲಿ ನಾನು ಒಮ್ಮೆ ಅಲ್ಲಿಗೆ ಹೋಗಿಬಂದೆ. ನಿಪ್ಪಾಣಿಯಲ್ಲಿ ಹೆದ್ದಾರಿ ಹತ್ತಿ, ಪುಣೆ ದಾಟಿ, ಇನ್ನೂ ಮುಂದೆ. ಟೊಮೆಟೊ ಮತ್ತು ಉಳ್ಳಾಗಡ್ಡಿ ಹೊಲಗಳ ನಡುವೆ ತಂತಿಬಲೆಯ ದೊಡ್ಡ ಬಟ್ಟಲುಗಳು ಆಕಾಶಕ್ಕೆ ಮುಖ ಮಾಡಿ ನಿಂತಿದ್ದವು. ಹಗಲು ಹೊತ್ತು. ಸೂರ್ಯ ನೆತ್ತಿಯ ಮೇಲಿದ್ದ. ನಕ್ಷತ್ರ ನೋಡಲು ಕತ್ತಲಾಗಬೇಕಲ್ಲವೇ ಎಂದು ಕೇಳಿದೆ. ರೇಡಿಯೋಗೆ ಹಗಲು ರಾತ್ರಿ ಎರಡೂ ಒಂದೇ, ಗುಚ್ಛ ದಿಗಂತದ ಮೇಲಿದ್ದರೆ ಸಾಕು ಎಂದಳು. ನನ್ನ ಫೋನು ಬಂದ್ ಮಾಡಿಸಿದಳು. ಮೊಬೈಲು, ವೆಲ್ಡಿಂಗ್ ಯಂತ್ರ, ಹರಿದ ವಿದ್ಯುತ್ ತಂತಿ, ಬೈಕಿನ ಇಂಜಿನ್ನಿನ ಕಿಡಿ, ಎಲ್ಲವೂ ಆ ಬಟ್ಟಲುಗಳಿಗೆ ಕೇಳಿಸುತ್ತವಂತೆ, ಅದೂ ನಕ್ಷತ್ರಕ್ಕಿಂತ ಎಷ್ಟೋ ಜೋರಾಗಿ.

"ಮಾಮಾ, ನನಗ ಪಲ್ಸರ್ ಹುಡುಕಾಕ ಅಡ್ಡ ಬರೋದು ಪಲ್ಸರನ," ಎಂದಳು.

ಈ ಗದ್ದಲವೇ ಆಕೆಗೆ ಒಮ್ಮೆ ಪೆಟ್ಟು ಕೊಟ್ಟಿತ್ತು. ಅದಕ್ಕೂ ಹಿಂದಿನ ವರ್ಷ ಇನ್ನೊಂದು ಗುಚ್ಛದ ದಾಖಲೆಯಲ್ಲಿ ಮಿಡಿತವೊಂದು ಕಂಡಿತ್ತು. ಆಕೆ ಸಂತೋಷದಿಂದ ಮನೆಗೆ ಹೇಳಿದಳು. ಅಕ್ಕ ಬಸದಿಯಲ್ಲಿ ಪೇಡೆ ಹಂಚಿದಳು. ಊರ ಹಿರಿಯರು ಸತ್ಕಾರಕ್ಕೆ ದಿನ ನೋಡಿದರು, ತಲೆಗೆ ಸುತ್ತುವ ಫೇಟಾ ತರಿಸಿದರು. ಆದರೆ ಆಂಟೆನಾಗಳನ್ನು ಗುಚ್ಛದಿಂದ ಬೇರೆ ಕಡೆ ತಿರುಗಿಸಿದಾಗಲೂ ಅದೇ ಮಿಡಿತ ಬಂತು. ಅಂದರೆ ಅದು ಆಕಾಶದ್ದಲ್ಲ, ನೆಲದ ಮೇಲಿನ ಯಾವುದೋ ಯಂತ್ರದ್ದು. ಆಮೇಲೆ ಬಹಳ ದಿನ ಶೇಡಬಾಳದಲ್ಲಿ ಎದುರು ಸಿಕ್ಕವರು ಅಕ್ಕನನ್ನು "ನಿಮ್ಮ ಚಿಕ್ಕಿ ಏನಾತು?" ಎಂದು ಕೇಳುತ್ತಿದ್ದರು. ಅವರ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಆ ವರ್ಷದ ದಸರೆಗೆ ಹುಡುಗಿ ಊರಿಗೆ ಬರಲಿಲ್ಲ.

ಈ ಸಲ ಸಿಕ್ಕಿದ್ದೂ ಒಂದೇ ದಾಖಲೆಯಲ್ಲಿ, ಒಂದೇ ಸಲ. ಫೆಬ್ರವರಿಯಲ್ಲಿ ಆ ಗುಚ್ಛವನ್ನು ಮತ್ತೆ ನೋಡಲು ಆಂಟೆನಾಗಳ ಸರದಿ ಸಿಕ್ಕಿತ್ತು. ಆಗಲೂ ಮಿಡಿತ ಕಂಡರೆ ಪಲ್ಸರ್. ಕಾಣದಿದ್ದರೆ ಈ ಗುಚ್ಛವನ್ನು ಬಿಟ್ಟು ಹೊಸ ವಿಷಯ ತೆಗೆದುಕೊಳ್ಳಬೇಕು ಎಂದು ಆಕೆಯ ಸಂಶೋಧನಾ ಮಾರ್ಗದರ್ಶಕರು ಹೇಳಿದ್ದರು. ಇಷ್ಟು ವರ್ಷದ ಕೆಲಸ ಅಷ್ಟಕ್ಕೇ ನಿಲ್ಲುತ್ತಿತ್ತು. ಊರಿನವರ ಫೇಟಾ ಎರಡನೆಯ ಸಲ ಗಂಟಿನೊಳಗೆ ಹೋಗುತ್ತಿತ್ತು. ಯಾರ ಮುಂದೂ ಅನಬೇಡ ಎಂದು ಆಕೆ ತಾಯಿಗೆ ಹೇಳಿದ್ದು ಇದಕ್ಕೆ.

ಬುಧವಾರ ಸಂಜೆ ನಾನು ಸಹೋದ್ಯೋಗಿಗೆ ಎಲ್ಲವನ್ನೂ ಹೇಳಿದೆ. "ಇದು ನಮ್ಮ ಮನೀ ಸುದ್ದಿ. ನಾ ಮುಟ್ಟಂಗಿಲ್ಲ. ಹಾಕೋದು ಬಿಡೋದು ನಿಮ್ಮ ಕೈಯಾಗೈತಿ."

ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಸತ್ತದ್ದು ತಿರಗಾಕತ್ತೈತಿ ಅಂದಾಗರೆ ನನಗ ಡೌಟ್ ಬರಬೇಕಿತ್ತು ಸರ್." ಆಮೇಲೆ ಪರದೆಯ ಕಡೆ ನೋಡುತ್ತ ಕೇಳಿದರು. "ಹಂಗಾದ್ರ ಇದಕ್ಕ ನಂಬರ್ ಇರೋದಽ ಇಲ್ಲೇನು?"

ಅಕ್ಕನ ಮಗಳಿಗೆ ಫೋನು ಮಾಡಿ ಕೇಳಿದೆ. ಇದೆ ಎಂದಳು. ಗುಚ್ಛದೊಳಗೆ ಸಿಕ್ಕ ಪಲ್ಸರಿಗೆ ಆ ಗುಚ್ಛದ ಹೆಸರಿನ ಕೊನೆಗೆ ಒಂದು ಅಕ್ಷರ ಸೇರಿಸಿ ಹೆಸರಿಡುತ್ತಾರೆ, ಮೊದಲು ಸಿಕ್ಕದ್ದಕ್ಕೆ ಮೊದಲ ಅಕ್ಷರ, ಆಮೇಲಿನದಕ್ಕೆ ಎರಡನೆಯದು. ಆಕಾಶದಲ್ಲಿ ಅದಿರುವ ಜಾಗವನ್ನು ಸೂಚಿಸುವ ಅಂಕಿಗಳೂ ಇರುತ್ತವೆ. ಆದರೆ ಎರಡನೆಯ ಸಲ ಕಂಡು ಖಚಿತವಾಗುವ ತನಕ ಏನನ್ನೂ ಕೊಡುವುದಿಲ್ಲ.

"ನೋಡ್ರಿ ಮತ್ತ," ಎಂದರು ಸಹೋದ್ಯೋಗಿ. "ನನ್ನ ರೂಲ್ ಬರೋಬರ ಐತಿ. ನಂಬರ್ ಬರ್ಲಿ." ಶೀರ್ಷಿಕೆಯ ಒಂದು ಅಕ್ಷರವನ್ನೂ ಬದಲಿಸಲಿಲ್ಲ.

ಬೈಕಿನ ಸುದ್ದಿಗೆಂದು ಮಾಡಿಕೊಂಡ ನಿಯಮ ಹೀಗೆ ಆ ಹುಡುಗಿಗೆ ಕಾವಲಾಯಿತು. ಮೊದಲ ದಿನವೇ ಅವರು ಅದನ್ನು ನಕ್ಷತ್ರವೆಂದು ತಿಳಿದಿದ್ದರೆ ಏನಾಗುತ್ತಿತ್ತು ಎಂದು ಅವರೇ ಒಪ್ಪಿಕೊಂಡಿದ್ದಾರೆ. ಊರ ಹುಡುಗಿ, ಆಕಾಶ, ಹೊಸ ಪತ್ತೆ. ಮರುದಿನವೇ ಮುಖಪುಟಕ್ಕೆ ಹೋಗುತ್ತಿತ್ತು. ನಾನು ಆ ಮಧ್ಯಾಹ್ನ ಊರಿನಲ್ಲಿರಲಿಲ್ಲ, ಸಂಜೆ ಬರುವಷ್ಟರಲ್ಲಿ ಸುದ್ದಿ ಮೇಲಿನವರಿಗೆ ಹೋಗಿಬಿಡುತ್ತಿತ್ತು. ಅವರು ಬೈಕೆಂದು ತಿಳಿದದ್ದಕ್ಕೆ ನಾನು ಕೃತಜ್ಞ. ಬೈಕಲ್ಲ ಎಂದು ತಿಳಿದ ಮೇಲೂ ನಂಬರ್ ಕೇಳಿದ್ದಕ್ಕೆ ಇನ್ನೂ ಹೆಚ್ಚು ಕೃತಜ್ಞ.

ಕಾಗವಾಡದ ವರದಿಗಾರನಿಗೆ ಕಾಯುವುದು ಇಷ್ಟು ಸುಲಭವಿರಲಿಲ್ಲ. ನಾನು ಮರುದಿನ ಅವನ ಅಂಗಡಿಗೆ ಹೋದೆ.

"ಬ್ಯಾರೆ ಪೇಪರಿನಾವ್ರು ಹಾಕಿದ್ರ ನನ್ನ ಮಾನ ಹೋತ್ರಿ ಸರ್. ಸುದ್ದಿ ಹುಟ್ಟಿದ್ದ ನನ್ನ ಟೇಬಲ್ ಮ್ಯಾಲ."

"ಹೌದಪಾ. ಆದ್ರ ಹೋದ ಸಲ ಏನಾತು ನಿನಗ ಗೊತ್ತೈತಿ."

ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ. "ಗೊತ್ತೈತ್ರಿ. ಅಕ್ಕಾರು ಕೊಟ್ಟ ಪೇಡೆ ನಾನೂ ತಿಂದೇನಿ." ಮತ್ತೆ ಅದನ್ನು ಎತ್ತಿಕೊಂಡು ಹೇಳಿದ. "ನಂಬರ್ ಬರೂತನಾ ನನ್ನ ಬಾಯಿ ಬಂದ್."

ಅವನ ಬಾಯಿ ಬಂದಾಯಿತು. ಊರಿನದು ಆಗಲಿಲ್ಲ. ಅಂಗಡಿಯಲ್ಲಿ ಕೂತು ಕೇಳಿದವರು ಕಾಗವಾಡದಿಂದ ಶೇಡಬಾಳದ ತನಕ ಹಬ್ಬಿಸಿದ್ದರು, ಆದರೆ ಅವರೆಲ್ಲ ಹಬ್ಬಿಸಿದ್ದು ಬೈಕಿನ ಸುದ್ದಿ. "ಏನಪಾ, ಪಲ್ಸರ್ ನಂಬರ್ ಬಂತೇನು?" ಎಂಬುದು ಬಸ್‌ನಿಲ್ದಾಣದಲ್ಲಿ ಅವನನ್ನು ಮಾತಾಡಿಸುವ ರೀತಿಯಾಯಿತು. ಒಂದು ದಿನ ಮಂಗಸೂಳಿಯಿಂದ ವಯಸ್ಸಾದ ರೈತರೊಬ್ಬರು ಬೈಕಿನ ಆರ್.ಸಿ. ಹಿಡಿದುಕೊಂಡು ಬಂದರು. ಅವರ ಬೈಕು ದೀಪಾವಳಿಯ ಹೊತ್ತಿಗೆ ಕಳುವಾಗಿತ್ತು. ಆಗ ನಾನೂ ಅಂಗಡಿಯಲ್ಲಿದ್ದೆ.

"ಅದು ನಿಮ್ಮದಲ್ರಿ ಕಾಕಾ," ಎಂದ ಅಂಗಡಿಯವನು.

"ನೋಡದ ಹೆಂಗ ಹೇಳತಿ?"

"ನಾನೂ ನೋಡಿಲ್ಲ. ಯಾರೂ ನೋಡಿಲ್ಲ. ಅದು ಕಾಣಂಗಽ ಇಲ್ಲ."

"ಯಾರೂ ನೋಡದ ಗಾಡಿ ಸಿಕ್ಕೈತಂತ ಹೆಂಗ ಅಂತೀರಿಲೇ?"

ಅಂಗಡಿಯವನು ನನ್ನ ಮುಖ ನೋಡಿದ. ನಾನು ಚಹಾ ತರಿಸಿದೆ. ಅದು ಚಿಕ್ಕಿಯ ಹೆಸರು, ಗಾಡಿಯದಲ್ಲ ಎಂದು ತಿಳಿಹೇಳಲು ಎರಡು ಚಹಾ ಬೇಕಾದವು. ಕೊನೆಗೆ ಆ ಹಿರಿಯರು ಆರ್.ಸಿ.ಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಂಗಿಯ ಒಳಜೇಬಿಗೆ ಇಟ್ಟುಕೊಂಡರು. "ಆ ಹುಡಗೀದರೆ ಸಿಗ್ಲಿ ಬಿಡು," ಎಂದು ಎದ್ದರು. ಆ ಮಾತನ್ನು ಅವರು ತೀರ ಸಹಜವಾಗಿ ಹೇಳಿದರು. ನಾನು ಅದನ್ನು ಮನೆಯಲ್ಲಿ ಅಕ್ಕನಿಗೆ ಹೇಳಿದಾಗ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಫೆಬ್ರವರಿಯ ಎರಡನೆಯ ವಾರ ಸರದಿ ಬಂತು. ಆ ತಿಂಗಳಲ್ಲಿ ಗುಚ್ಛ ಹಗಲಿನಲ್ಲೇ ಆಕಾಶದಲ್ಲಿರುತ್ತದೆ. ಬೆಳಗಿನಿಂದ ಕೆಲವು ತಾಸು ಆಂಟೆನಾಗಳು ಅದರತ್ತ ಮುಖ ಮಾಡಿ ನಿಂತವು. ದಾಖಲಾದದ್ದನ್ನು ಕಂಪ್ಯೂಟರಿಗೆ ಹಾಕಿ ಸೋಸಲು ಕೆಲವು ದಿನ ಹಿಡಿಯಿತು. ಆ ದಿನಗಳಲ್ಲಿ ಅಕ್ಕ ಸ್ಪೀಕರ್ ಹಾಕಿ ಮಾತಾಡುವುದನ್ನು ಬಿಟ್ಟಳು. ಶುಕ್ರವಾರ ಮಗಳ ಕರೆ ಬಂತು. ಏನೂ ಸಿಗಲಿಲ್ಲ ಎಂದಳಂತೆ. ಎರಡು ದಿನ ಊರಿಗೆ ಬರುತ್ತೇನೆ ಎಂದಳಂತೆ.

ರವಿವಾರ ನಾನು ಶೇಡಬಾಳಕ್ಕೆ ಹೋದೆ. ತಾಯಿ ಮಗಳು ಹಿತ್ತಲಿನ ಬಾವಿಯ ಕಟ್ಟೆಯ ಮೇಲೆ ನೀರು ಸೋಸುತ್ತಿದ್ದರು. ನಮ್ಮ ಜೈನ ಮನೆಗಳಲ್ಲಿ ಕುಡಿಯುವ ನೀರನ್ನು ದಪ್ಪ ಅರಿವೆಯನ್ನು ಎರಡು ಮಡಿಕೆ ಮಾಡಿ ಸೋಸುತ್ತಾರೆ. ಸೋಸಿದ ಮೇಲೆ ಅರಿವೆಯನ್ನು ಹಾಗೇ ಹಿಂಡಿ ಒಣಹಾಕುವಂತಿಲ್ಲ. ಕಣ್ಣಿಗೆ ಕಾಣದ ಜೀವಗಳು ಅದರಲ್ಲಿ ಸಿಕ್ಕಿರುತ್ತವೆ. ಅರಿವೆಯನ್ನು ಮಗುಚಿ, ಸೋಸಿದ ನೀರಿನಿಂದಲೇ ತೊಳೆದು, ಆ ನೀರನ್ನು ತಂದ ಬಾವಿಗೇ ಇಳಿಸಿ ಬಿಡಬೇಕು. ಕಾಣದಿದ್ದರೂ ಇದೆ ಎಂದು ನಡೆದುಕೊಳ್ಳುವ ಪದ್ಧತಿ. ನಲ್ಲಿ ಬಂದ ಮೇಲೆ ಎಷ್ಟೋ ಮನೆಗಳಲ್ಲಿ ಇದು ನಿಂತಿದೆ, ಅಕ್ಕನ ಮನೆಯಲ್ಲಿ ನಿಂತಿಲ್ಲ.

ಹುಡುಗಿ ಕೊಡ ಎತ್ತಿ ಒಮ್ಮೆಲೇ ಬಗ್ಗಿಸಿದಳು. ನೀರು ಅರಿವೆಯ ಅಂಚಿನ ಮೇಲಿಂದ ಉಕ್ಕಿ ಸೋಸದೆಯೇ ಹಂಡೆಗೆ ಬಿತ್ತು.

"ಎಲ್ಲಾ ಒಮ್ಮೆಗೇ ಸುರೀತಾರೇನು?" ಎಂದು ಅಕ್ಕ ರೇಗಿದಳು. "ಸ್ವಲ್ಪ ಸ್ವಲ್ಪ ಬಿಡು. ಪುಣಾಕ್ಕ ಹೋಗಿ ನೀರು ಸೋಸೋದೂ ಮರತಿ."

"ಮರತಿಲ್ಲ, ಅವಸರ ಮಾಡಿದೆ."

"ಯಾಕ ಅವಸರ? ಚಿಕ್ಕಿ ಏನರೆ ಓಡಿ ಹೊಂಟೈತೇನು?"

ಹುಡುಗಿ ಹಂಡೆಯ ನೀರನ್ನು ಮತ್ತೆ ಕೊಡಕ್ಕೆ ತುಂಬಿ, ಈ ಸಲ ಸ್ವಲ್ಪ ಸ್ವಲ್ಪವಾಗಿ ಬಿಟ್ಟಳು. ಸೂರ್ಯ ಮುಳುಗುವ ಮೊದಲು ಎಲ್ಲರೂ ಊಟ ಮುಗಿಸಿದೆವು. ನಾನು ಬಸ್ಸಿಗೆ ಹೊರಟಾಗ ಹುಡುಗಿ ಕೇಳಿದಳು: "ಮಾಮಾ, ಆ ಸುದ್ದಿ ಇನ್ನಾ ಸಾಲಿನ್ಯಾಗ ಐತೇನು?"

"ಐತಿ."

"ತಗೀಬ್ಯಾಡಂತ ಹೇಳ್ರಿ. ಇನ್ನೊಮ್ಮೆ ನೋಡತೇನಿ."

ಪುಣೆಗೆ ಮರಳಿ ಆಕೆ ಮಾಡಿದ್ದು ಇದು. ಕೆಲವು ತಾಸುಗಳ ಇಡೀ ದಾಖಲೆಯನ್ನು ಒಟ್ಟಿಗೆ ಹುಡುಕುವುದನ್ನು ಬಿಟ್ಟು, ಅದನ್ನು ಸಣ್ಣ ಸಣ್ಣ ತುಂಡುಗಳಾಗಿ ಕತ್ತರಿಸಿ ಒಂದೊಂದನ್ನೇ ಹುಡುಕಿದಳು. ಇಡೀ ದಾಖಲೆಯಲ್ಲಿ ಪಲ್ಸರಿನ ಓಟದ ದಿಕ್ಕು ಬದಲಾಗಿ ಮಿಡಿತ ಕಲಸಿಹೋಗುತ್ತದೆ. ಸಣ್ಣ ತುಂಡಿನಲ್ಲಿ ಅಷ್ಟು ಬದಲಾಗಲು ಸಮಯವಿರುವುದಿಲ್ಲ. ಬಾವಿಕಟ್ಟೆಯ ಮೇಲೆ ಹೊಳೆದದ್ದೇ ಎಂದು ಆಮೇಲೆ ಕೇಳಿದ್ದೇನೆ. "ಇಲ್ಲ ಮಾಮಾ, ಅದು ಎಲ್ಲಾರೂ ಮಾಡೋ ಪದ್ಧತಿ. ನಾನೂ ಮಾಡಾಕಿನ ಇದ್ದೆ," ಎಂದಳು. ಅಕ್ಕನ ಹೇಳಿಕೆ ಬೇರೆ. ಎರಡನ್ನೂ ದಾಖಲಿಸಿದ್ದೇನೆ.

ಮೊದಲ ತುಂಡುಗಳಲ್ಲಿ ಏನೂ ಇರಲಿಲ್ಲ. ಆ ಹೊತ್ತಿನಲ್ಲಿ ಪಲ್ಸರ್ ಜೊತೆಗಾರನಿಂದ ಎದ್ದ ಅನಿಲದ ಹಿಂದೆ ಮರೆಯಾಗಿತ್ತು ಎಂದು ಈಗ ಗೊತ್ತಾಗಿದೆ. ಕೊನೆಯ ಕಡೆಯ ತುಂಡುಗಳಲ್ಲಿ ಮಿಡಿತ ಬಂತು. ಜನವರಿಯಲ್ಲಿ ಗುರುತಿಸಿದ ಅಳತೆಗಿಂತ ಒಂದಿಷ್ಟೇ ಆಚೀಚೆ, ಜೊತೆಗಾರನ ಸುತ್ತ ಓಡುವಾಗ ಎಷ್ಟಾಗಬೇಕೋ ಅಷ್ಟು.

ಆಕೆ ಮನೆಗೆ ಹೇಳಲಿಲ್ಲ. ಮಾರ್ಗದರ್ಶಕರಿಗೆ ಹೇಳಿದಳು. ಅವರು ಮೂರು ಕಡೆಯಿಂದ ಪರೀಕ್ಷಿಸಿದರು. ಆಂಟೆನಾಗಳ ನೋಟವನ್ನು ಗುಚ್ಛದಿಂದ ಸರಿಸಿದರೆ ಮಿಡಿತ ಮಾಯವಾಗುತ್ತಿತ್ತು. ದಾರಿಯ ಅನಿಲವನ್ನು ದಾಟಿ ಬರುವಾಗ ಕೆಳಗಿನ ಸ್ವರದ ಅಲೆಗಳು ಮೇಲಿನ ಸ್ವರದವಕ್ಕಿಂತ ತಡವಾಗಿ ತಲುಪುತ್ತವೆ. ಆ ತಡ ಅದೇ ಗುಚ್ಛದಲ್ಲಿ ಮೊದಲು ಸಿಕ್ಕಿದ್ದ ಪಲ್ಸರುಗಳ ತಡಕ್ಕೆ ಹೊಂದುತ್ತಿತ್ತು. ನೆಲದ ಮೇಲಿನ ಯಂತ್ರಕ್ಕೆ ಈ ತಡ ಬರುವುದಿಲ್ಲ. ಬೇರೆಯವರು ಹಿಂದೆ ಅದೇ ಗುಚ್ಛವನ್ನು ನೋಡಿ ಇಟ್ಟಿದ್ದ ಹಳೆಯ ದಾಖಲೆಗಳನ್ನು ತೆಗೆದು ಈ ಅಳತೆಯಿಂದ ಹುಡುಕಿದಾಗ ಅವುಗಳಲ್ಲಿಯೂ ಅದು ಇತ್ತು. ಅಷ್ಟು ವರ್ಷ ಅಲ್ಲಿಯೇ ಇತ್ತು, ಯಾರಿಗೂ ಸಿಕ್ಕಿರಲಿಲ್ಲ.

ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಕಾಗವಾಡದಿಂದ ಎರಡನೆಯ ಧ್ವನಿ ಸಂದೇಶ ಬಂತು. ಅಕ್ಕ ತಾನೇ ಅವನ ಅಂಗಡಿಗೆ ಹೋಗಿ, ಈ ಸಲ ಬೇಕೆಂದೇ ಸ್ಪೀಕರ್ ಹಾಕಿಸಿ, ಮಗಳ ಬಾಯಿಂದಲೇ ಹೇಳಿಸಿದ್ದಳು. "ಮೇಡಂ, ನಂಬರ್ ಬಂತ್ರಿ," ಎಂದಷ್ಟೇ ಇತ್ತು ಸಂದೇಶದಲ್ಲಿ. ಹಿಂದಿನಿಂದ ಅಂಗಡಿಯ ಚಪ್ಪಾಳೆ ಕೇಳಿಸುತ್ತಿತ್ತು.

ಸಹೋದ್ಯೋಗಿ ಪುಣೆಗೆ ಫೋನು ಮಾಡಿದರು. ಹುಡುಗಿಯನ್ನಲ್ಲ, ಮಾರ್ಗದರ್ಶಕರನ್ನು ಕೇಳಿದರು. ಠಾಣೆಯವರ ಮಾತು ಬೇಕು ಎಂಬ ನಿಯಮವೂ ಪೂರೈಸಿತು. ಆಮೇಲೆ ಕಾಯುವ ಸಾಲಿನಿಂದ ಸುದ್ದಿಯನ್ನು ತೆಗೆದರು. ಮುಖಪುಟಕ್ಕೆ ಕೊಡೋಣವೇ ಎಂದು ಮೇಲಿನವರು ಕೇಳಿದಾಗ ಬೇಡ ಎಂದರು. "ಜನವರಿಯಿಂದ ನನ್ನ ಕಾಲಮಿನ್ಯಾಗ ಕುಂತೈತಿ. ಇಲ್ಲೇ ಬರ್ಲಿ. ಮುಖಪುಟಕ್ಕ ನಾಳೆ ದೊಡ್ಡದು ಬರೀರಿ, ಸರ್ ಬಿಟ್ಟು ಬ್ಯಾರೆ ಯಾರರೆ." ನಾನು ಆ ಸುದ್ದಿಯ ಒಂದು ಸಾಲನ್ನೂ ಬರೆದಿಲ್ಲ, ತಿದ್ದಿಲ್ಲ. ಬರೆದವನ ಜಾಗದಲ್ಲಿ 'ಕಾಗವಾಡ ವರದಿಗಾರರಿಂದ' ಎಂದಿತ್ತು. ಶೀರ್ಷಿಕೆ ಜನವರಿಯದೇ, 'ನಂಬರ್ ಬರಬೇಕು' ಎಂಬುದರ ಬದಲು ಗುಚ್ಛದ ಹೆಸರು ಮತ್ತು ಅಕ್ಷರ.

ಅಕ್ಕ ಆ ಪುಟವನ್ನು ಕತ್ತರಿಸಲಿಲ್ಲ. ಇಡೀ ಪತ್ರಿಕೆಯನ್ನೇ ಮಡಿಸಿ, ದೇವರ ಕೋಣೆಯಲ್ಲಿ ನೀರು ಸೋಸುವ ಅರಿವೆಗಳ ಪಕ್ಕ ಇಟ್ಟಿದ್ದಾಳೆ. ಶೇಡಬಾಳದವರು ಸತ್ಕಾರ ಮಾಡಿದರು. ಮೊದಲ ಸಲ ತಂದು ಗಂಟಿನಲ್ಲಿ ಇಟ್ಟಿದ್ದ ಫೇಟಾವನ್ನೇ ಸುತ್ತಿದರು. ಅದು ಸ್ವಲ್ಪ ಬಣ್ಣಗೆಟ್ಟಿತ್ತು. ಕಾಗವಾಡದ ವರದಿಗಾರ ಮುಂದಿನ ಸಾಲಿನಲ್ಲಿ ಕುಳಿತಿದ್ದ. ನಿಪ್ಪಾಣಿಯಿಂದ ಸಹೋದ್ಯೋಗಿಯೂ ಬಂದಿದ್ದರು. ಮಾತಾಡಲು ಎದ್ದ ಹುಡುಗಿ ಮೊದಲು ಅವರಿಬ್ಬರಿಗೆ ಕೈ ಮುಗಿದಳು. "ಇವ್ರು ನನ್ನ ಸುದ್ದಿ ಬಾಯಿ ಬಿಡದ ಇಟ್ಕೊಂಡಿದ್ರು," ಎಂದಳು. ಸಭೆಯಲ್ಲಿ ಅನೇಕರಿಗೆ ಅದು ಅರ್ಥವಾಗಲಿಲ್ಲ. ಮಂಗಸೂಳಿಯ ಹಿರಿಯರೂ ಬಂದಿದ್ದರು. ಅವರು ತಲೆದೂಗಿದರು.

ಈ ಬರಹ ಮುಗಿಸುವ ಹೊತ್ತಿಗೆ ತಿಳಿದಿರುವುದು ಇಷ್ಟು: ಪಲ್ಸರಿನ ಹೆಸರು ಪಟ್ಟಿ ಸೇರಿದೆ. ಹುಡುಗಿಯ ವಿಷಯ ಬದಲಾಗಿಲ್ಲ. ಅದೇ ಗುಚ್ಛವನ್ನು ಮಳೆಗಾಲದ ನಂತರ ಮತ್ತೆ ನೋಡಲು ಆಂಟೆನಾಗಳ ಸರದಿ ಸಿಕ್ಕಿದೆ. ಮಂಗಸೂಳಿಯವರ ಬೈಕು ಈವರೆಗೆ ಪತ್ತೆಯಾಗಿಲ್ಲ.